ಹೊಸಬನಿಗೆ ಯಾವ ಲಿನಕ್ಸ್?

೨೦೨೫ನೆಯ ಇಸವಿಯ ಅಕ್ಟೋಬರ್ ೧೪ರಂದು ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ ೧೦ಕ್ಕೆ ನೀಡುತ್ತಿದ್ದ ಸಾಮಾನ್ಯ ಪೋಷಣೆಯನ್ನು ನಿಲ್ಲಿಸಿತು. ಅದರ ಮುಂದಿನದಾದ ವಿಂಡೋಸ್ ೧೧ ಗೊತ್ತಾದ ಕೆಲವು ಬಗೆಯ ಪ್ರೊಸೆಸರುಗಳನ್ನೂ ಟಿ.ಪಿ.ಎಂ. ೨.೦ ಎಂಬ ಭದ್ರತಾ ಸಾಧನವನ್ನೂ ಬೇಡುತ್ತದೆ. ಇವು ಇಲ್ಲದ ಗಣಕಯಂತ್ರಗಳು ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಎಷ್ಟೋ ಇವೆ. ಅವುಗಳಲ್ಲಿ ಹಲವು ಇನ್ನೂ ಗಟ್ಟಿಮುಟ್ಟಾಗಿಯೇ ಇದ್ದು, ಪತ್ರ ಬರೆಯಲು, ಲೆಕ್ಕ ಇಡಲು, ಮಕ್ಕಳ ಪಾಠಕ್ಕೆ ಯಾವ ಕೊರತೆಯೂ ಇಲ್ಲದೆ ಒದಗುತ್ತಿವೆ. ಹೀಗಿರುವಲ್ಲಿ, ಹೊಸ ಯಂತ್ರವನ್ನು ಕೊಳ್ಳಲಾರದವರೂ ಕೊಳ್ಳಲು ಮನಸ್ಸಿಲ್ಲದವರೂ ಲಿನಕ್ಸಿನ ಕಡೆಗೆ ನೋಡತೊಡಗಿರುವುದು ಸಹಜವೇ ಆಗಿದೆ.

ನೋಡಿದೊಡನೆ ಅವರಿಗೆ ಎದುರಾಗುವ ತೊಡಕೆಂದರೆ, ಲಿನಕ್ಸ್ ಒಂದಲ್ಲ. ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ, ಜೋರಿನ್ ಎಂದು ಹೆಸರುಗಳು ಬೆಳೆಯುತ್ತ ಹೋಗಿ ನೂರನ್ನು ದಾಟುತ್ತವೆ. ಬಲ್ಲವರಿಬ್ಬರನ್ನು ಕೇಳಿದರೆ ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ತಾಳೆಯಾಗುವುದಿಲ್ಲ. ಕೇಳಿದವನು ಗೊಂದಲಕ್ಕೆ ಬಿದ್ದು ಹಳೆಯ ವ್ಯವಸ್ಥೆಗೇ ಅಂಟಿಕೊಳ್ಳುವುದೂ ಉಂಟು. ಆದರೆ ಈ ವಿವಾದವು ಇಂದು ನಿನ್ನೆಯದಲ್ಲ; ಹೆಚ್ಚುಕಡಿಮೆ ಲಿನಕ್ಸಿಗಿರುವಷ್ಟೇ ವಯಸ್ಸು ಇದಕ್ಕೂ ಇದೆ. ಹಿಂದಿನವರು ಈ ಪ್ರಶ್ನೆಗೆ ಏನೇನು ಉತ್ತರ ಕೊಟ್ಟರು, ಆ ಉತ್ತರಗಳ ಗತಿ ಏನಾಯಿತು ಎಂಬುದನ್ನು ಅರಿತರೆ ಇಂದಿನ ಹೊಸಬನಿಗೆ ದಾರಿ ಸ್ವಲ್ಪ ತಿಳಿಯಾಗಿ ಕಾಣಬಹುದು.

ಮೊದಲು ಹೆಸರಿನ ವಿಚಾರ. ಕಟ್ಟುನಿಟ್ಟಾಗಿ ಹೇಳುವುದಾದರೆ ಲಿನಕ್ಸ್ ಎಂಬುದು ಕಾರ್ಯಾಚರಣ ವ್ಯವಸ್ಥೆಯ ತಿರುಳಿನ ಹೆಸರು. ಕರ್ನೆಲ್ ಎಂದು ಕರೆಯುವುದು ಇದನ್ನೇ. ಯಂತ್ರದ ಸ್ಮೃತಿ, ಡಿಸ್ಕು, ಕೀಲಿಮಣೆ ಮೊದಲಾದವುಗಳನ್ನು ಬೇರೆ ಬೇರೆ ತಂತ್ರಾಂಶಗಳಿಗೆ ಹಂಚಿಕೊಡುವುದು ಅದರ ಕೆಲಸ. ಬರಿಯ ತಿರುಳಿನಿಂದ ಬಳಸುವವನಿಗೆ ಪ್ರಯೋಜನವಿಲ್ಲ. ಆಜ್ಞೆಗಳನ್ನು ಓದುವ, ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ, ಬರೆಯುವ, ಮುದ್ರಿಸುವ ಸಾಧನಗಳೆಲ್ಲ ಬೇಕು. ಎಲ್ಲೆಲ್ಲೋ ಯಾರು ಯಾರೋ ಬರೆದ ಇವುಗಳನ್ನು ಕೂಡಿಸಿ, ಒಂದಕ್ಕೊಂದು ಹೊಂದಿಸಿ, ಒಂದೇ ಕಟ್ಟಾಗಿ ಜನರ ಕೈಗೆ ಕೊಟ್ಟದ್ದೇ 'ವಿತರಣೆ'. ಈ ತಂತ್ರಾಂಶಗಳ ಮೂಲಸಂಕೇತವನ್ನು ಯಾರು ಬೇಕಾದರೂ ನಕಲು ಮಾಡಿ, ತಿದ್ದಿ, ಮತ್ತೆ ಹಂಚಬಹುದೆಂದು ಪರವಾನಗಿಯೇ ಒಪ್ಪಿಗೆ ಕೊಟ್ಟಿರುವುದರಿಂದ ಒಂದು ವಿತರಣೆಯ ಒಡಲಿನಿಂದ ಇನ್ನೊಂದು ಹುಟ್ಟಲು ಅಡ್ಡಿಯಿಲ್ಲ. ವ್ಯಾಸರ ಭಾರತವನ್ನು ಪಂಪನು ಒಂದು ಬಗೆಯಾಗಿ ಕಟ್ಟಿದನು, ಕುಮಾರವ್ಯಾಸನು ಇನ್ನೊಂದು ಬಗೆಯಾಗಿ ಕಟ್ಟಿದನು. ಕಥೆಯ ಮೂಲ ಒಂದೇ; ಕಟ್ಟು ಬೇರೆ, ಕೇಳುವ ಜನ ಬೇರೆ. ವಿತರಣೆಗಳ ಮಾತೂ ಹೀಗೆಯೇ.

ಈ ಕಥೆಯ ಆದಿಯಲ್ಲಿ ಇಬ್ಬರು ಕಾಣಿಸುತ್ತಾರೆ. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ೧೯೮೩ರಲ್ಲಿ ಗ್ನೂ ಎಂಬ ಯೋಜನೆಯನ್ನು ಘೋಷಿಸಿ, ಯಾರ ಹಂಗೂ ಇಲ್ಲದೆ ಬಳಸಬಹುದಾದ ಒಂದು ಸಂಪೂರ್ಣ ವ್ಯವಸ್ಥೆಯನ್ನು ಕಟ್ಟಲು ಹೊರಟರು. ಎಂಟು ವರ್ಷಗಳಲ್ಲಿ ಅದಕ್ಕೆ ಬೇಕಾದ ಸಾಧನಗಳು ಬಹುಮಟ್ಟಿಗೆ ಸಿದ್ಧವಾದರೂ ತಿರುಳು ಮಾತ್ರ ಸಿದ್ಧವಾಗಿರಲಿಲ್ಲ. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಇಪ್ಪತ್ತೊಂದು ವರ್ಷದ ಲೀನಸ್ ಟೊರ್ವಾಲ್ಡ್ಸ್ ತಾನು ಬರೆದ ತಿರುಳನ್ನು ಹೊರಗಿಟ್ಟನು. ಮರುವರ್ಷ ಅದನ್ನು ಗ್ನೂ ಪರವಾನಗಿಯ ಕೆಳಗೆ ತಂದನು. ಎರಡೂ ಕೂಡಿದಾಗ ವ್ಯವಸ್ಥೆಯೇನೋ ಆಯಿತು. ಆದರೆ ಅದನ್ನು ಯಂತ್ರದಲ್ಲಿ ಇಳಿಸುವುದು ಸಾಮಾನ್ಯರ ಕೈಯ ಕೆಲಸವಾಗಿರಲಿಲ್ಲ. ಒಂದು ಫ್ಲಾಪಿಯಿಂದ ಯಂತ್ರವನ್ನು ಎಬ್ಬಿಸಿ, ಇನ್ನೊಂದರಿಂದ ಕಡತಗಳನ್ನು ತುಂಬಿ, ಉಳಿದುದನ್ನು ಒಂದೊಂದಾಗಿ ತಾನೇ ಜೋಡಿಸಿಕೊಳ್ಳಬೇಕಾಗಿತ್ತು.

ಈ ಕಷ್ಟವನ್ನು ತಗ್ಗಿಸುವ ಯತ್ನದಿಂದಲೇ ವಿತರಣೆಗಳು ಹುಟ್ಟಿದವು. ೧೯೯೨ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಣಕ ಕೇಂದ್ರದ ಓವೆನ್ ಲೆ ಬ್ಲಾಂಕ್ ಒಂದು ತಾತ್ಕಾಲಿಕ ಕಟ್ಟನ್ನು ಹೊರತಂದರು. ಅದೇ ವರ್ಷ ಪೀಟರ್ ಮ್ಯಾಕ್‌ಡೊನಾಲ್ಡ್ ಹೊರತಂದ ಎಸ್.ಎಲ್.ಎಸ್. ಹೆಚ್ಚು ಪ್ರಚಾರಕ್ಕೆ ಬಂದಿತು. ಅದರ ಪೂರ್ಣನಾಮದಲ್ಲಿಯೇ 'ಮೆತ್ತಗೆ ಇಳಿಸುವುದು' ಎಂಬ ಅರ್ಥವಿತ್ತು. ಡಾಸ್ ಎಂಬ ಹಳೆಯ ವ್ಯವಸ್ಥೆಯನ್ನು ಬಿಟ್ಟು ಬರುವವರನ್ನು ನೋವಾಗದಂತೆ ನೆಲಕ್ಕೆ ಇಳಿಸುವೆವೆಂಬುದು ಅದರ ವಾಗ್ದಾನ. ಹೊಸಬನನ್ನು ಹೆಸರಿಟ್ಟು ಕರೆದ ಮೊದಲ ವಿತರಣೆಗಳಲ್ಲಿ ಇದು ಒಂದು. ಆದರೆ ಇಳಿಯುವುದು ಸುಲಭವಾದರೂ ಇಳಿದ ಮೇಲೆ ದೋಷಗಳು ಕಾಲಿಗೆ ತೊಡರುತ್ತಿದ್ದವು. ತಿದ್ದುವವರ ಗಮನ ಸಾಲದೆ ಹೋಯಿತು.

ಆ ದೋಷಗಳಿಂದಲೇ ಎರಡು ದೊಡ್ಡ ಮನೆತನಗಳು ಹುಟ್ಟಿದವು. ಅಮೆರಿಕದ ಮಿನೆಸೋಟ ರಾಜ್ಯದ ಮೂರ್‌ಹೆಡ್‌ನಲ್ಲಿ ಓದುತ್ತಿದ್ದ ಪ್ಯಾಟ್ರಿಕ್ ವೋಲ್ಕರ್ಡಿಂಗ್ ತನ್ನ ಬಳಕೆಗೆಂದು ಎಸ್.ಎಲ್.ಎಸ್. ಅನ್ನು ತಿದ್ದಿಕೊಂಡಿದ್ದನು, ಪ್ರಯೋಗಶಾಲೆಯ ಯಂತ್ರಗಳಿಗೂ ಅದನ್ನೇ ಹಾಕಬೇಕೆಂದು ಅಧ್ಯಾಪಕರು ಬಯಸಿದರು. ಹೀಗೆ ತಿದ್ದಿದ ಪ್ರತಿಯೇ ೧೯೯೩ರ ಜುಲೈಯಲ್ಲಿ ಸ್ಲ್ಯಾಕ್‌ವೇರ್ ಎಂಬ ಹೆಸರಿನಿಂದ ಹೊರಬಿದ್ದಿತು. ಮರುತಿಂಗಳು ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್, ಎಸ್.ಎಲ್.ಎಸ್.ನಿಂದ ಬೇಸತ್ತು, ತಿದ್ದುವುದಕ್ಕಿಂತ ಮೊದಲಿನಿಂದ ಕಟ್ಟುವುದೇ ಲೇಸೆಂದು ಡೆಬಿಯನ್ ಎಂಬುದನ್ನು ಘೋಷಿಸಿದನು. ಗೆಳತಿ ಡೆಬ್ರಾಳ ಹೆಸರಿನ ಮೊದಲ ಭಾಗಕ್ಕೆ ತನ್ನ ಹೆಸರನ್ನು ಸೇರಿಸಿ ಮಾಡಿದ ಪದವಿದು. ೧೯೯೪ರ ಆರಂಭದಲ್ಲಿ ಅವನು ಹೊರಡಿಸಿದ ಘೋಷಣಾಪತ್ರದಲ್ಲಿ ಇಂದಿಗೂ ನೆನೆಯಬೇಕಾದ ಒಂದು ವಿಚಾರವಿದೆ. ವಿತರಣೆಯನ್ನು ಕಟ್ಟುವುದಕ್ಕೆ ಉತ್ಸಾಹಿಗಳು ಬೇಕಾದಷ್ಟು ಮಂದಿ ದೊರೆಯುತ್ತಾರೆ. ಕಟ್ಟಿದ ಮೇಲೆ ಅದನ್ನು ನೋಡಿಕೊಳ್ಳುವ ಕೆಲಸವು ಬರಬರುತ್ತ ಹಿಂದೆ ಬೀಳುತ್ತದೆ ಎಂಬುದೇ ಅದು. ಆದಕಾರಣ ಈ ಕೆಲಸ ಒಬ್ಬನ ಕೈಯಲ್ಲಿ ಉಳಿಯದೆ ಹಲವರ ಹೊಣೆಯಾಗಬೇಕೆಂದು ಅವನು ಬಗೆದನು.

ಈ ಇಬ್ಬರೂ ಹೊಸಬನನ್ನು ಓಲೈಸಲು ಹೊರಟವರಲ್ಲ. ಸ್ಲ್ಯಾಕ್‌ವೇರ್ ತನ್ನ ಬಳಕೆದಾರನಿಂದ ಬಹಳ ತಿಳಿವಳಿಕೆಯನ್ನು ಬಯಸುತ್ತಿತ್ತು. ಡೆಬಿಯನ್ನು ತಡವಾಗಿ ಬರುತ್ತದೆ, ಬಂದರೂ ಬಿಗಿಯಾಗಿರುತ್ತದೆ ಎಂಬ ಮಾತು ವಾಡಿಕೆಯಲ್ಲಿತ್ತು. ಆದರೂ ಹೊಸಬನಿಗೆ ಮುಂದೆ ದೊರೆತ ಅನುಕೂಲಗಳಲ್ಲಿ ಮುಖ್ಯವಾದುದೊಂದು ಇಂಥ ಕಡೆಯಲ್ಲಿಯೇ ಬೆಳೆಯಿತು. ಒಂದು ತಂತ್ರಾಂಶವು ಕೆಲಸ ಮಾಡಲು ಇನ್ನೆರಡರ ಆಸರೆ ಬೇಕು, ಅವುಗಳಿಗೆ ಮತ್ತೆ ನಾಲ್ಕರ ಆಸರೆ ಬೇಕು. ಈ ಸರಪಳಿಯನ್ನು ಬಳಸುವವನೇ ಬಿಡಿಸುತ್ತ ಕೂರಬೇಕಾದರೆ ದಿನವೆಲ್ಲ ಸಾಲದು. ಡೆಬಿಯನ್ನಿನ ಆಪ್ಟ್ ಎಂಬ ಸಾಧನವು ಬೇಕಾದುದನ್ನೆಲ್ಲ ತಾನೇ ಲೆಕ್ಕಹಾಕಿ, ತಂದು, ಜೋಡಿಸುವುದನ್ನು ಕಲಿತಿತು. ಇಂದು ಮಿಂಟಿನಲ್ಲಿ ಒಂದು ಗುಂಡಿಯನ್ನೊತ್ತಿ ತಂತ್ರಾಂಶವನ್ನು ಪಡೆಯುವವನು ಆ ಹಳೆಯ ಶ್ರಮದ ಫಲವನ್ನೇ ಉಣ್ಣುತ್ತಿದ್ದಾನೆ.

ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ವ್ಯಾಪಾರಿಗಳು ರಂಗಕ್ಕೆ ಬಂದರು. ೧೯೯೬ರಲ್ಲಿ ಜರ್ಮನಿಯ ಮಟ್ಟಿಯಾಸ್ ಎಟ್ರಿಖ್ ಕೆ.ಡಿ.ಇ. ಎಂಬ ಮೇಜುಪರದೆಯ ಯೋಜನೆಯನ್ನೂ, ೧೯೯೭ರಲ್ಲಿ ಮೆಕ್ಸಿಕೋದ ಮಿಗೆಲ್ ಡಿ ಇಕಾಸ ಮತ್ತು ಫೆಡೆರಿಕೋ ಮೇನಾ ಗ್ನೋಮ್ ಎಂಬುದನ್ನೂ ಆರಂಭಿಸಿದರು. ಆಜ್ಞೆಗಳನ್ನು ಬಾಯಿಪಾಠ ಮಾಡದೆ, ಮೌಸನ್ನು ಒತ್ತಿಯೇ ಕೆಲಸ ನಡೆಸಬಹುದಾಯಿತು. ಇದನ್ನು ನೋಡಿ, ಇನ್ನು ಲಿನಕ್ಸನ್ನು ಮನೆಮನೆಗೆ ಮಾರಬಹುದೆಂದು ಹಲವರಿಗೆ ಅನ್ನಿಸಿತು. ೧೯೯೮ರಲ್ಲಿ ಫ್ರಾನ್ಸಿನ ಗಾಯೆಲ್ ದ್ಯುವಾಲ್ ರೆಡ್ ಹ್ಯಾಟ್ ವಿತರಣೆಗೆ ಕೆ.ಡಿ.ಇ.ಯನ್ನು ಸೇರಿಸಿ ಮ್ಯಾಂಡ್ರೇಕನ್ನು ಹೊರತಂದರು. ೧೯೯೯ರಲ್ಲಿ ಕಾಲ್ಡೆರಾ ಸಂಸ್ಥೆಯ ವಿತರಣೆಯು ತಂತ್ರಾಂಶ ಇಳಿಯುತ್ತಿರುವಾಗ ಬೇಸರವಾಗದಿರಲೆಂದು ಪರದೆಯ ಮೇಲೆ ಟೆಟ್ರಿಸ್ ಆಟವನ್ನೂ ಒದಗಿಸಿತು! ಅದೇ ವರ್ಷ ಕೆನಡಾದ ಕೋರೆಲ್ ಸಂಸ್ಥೆಯು ಡೆಬಿಯನ್ನಿನ ಮೇಲೆ ತನ್ನದೊಂದು ಸುಲಭ ವಿತರಣೆಯನ್ನು ಕಟ್ಟಿತು. ೨೦೦೧ರಲ್ಲಿ ಲಿಂಡೋಸ್ ಬಂದಿತು. ಹೆಸರಿನ ಹೋಲಿಕೆಗಾಗಿ ಮೈಕ್ರೋಸಾಫ್ಟ್ ನ್ಯಾಯಾಲಯಕ್ಕೆ ಹೋಗಿ, ಕೊನೆಗೆ ೨೦೦೪ರಲ್ಲಿ ತಾನೇ ಸುಮಾರು ಎರಡು ಕೋಟಿ ಡಾಲರು ತೆತ್ತು ಆ ಹೆಸರನ್ನು ಬಿಡಿಸಿತು.

ಇವುಗಳ ಮುಂದಿನ ಗತಿಯನ್ನು ನೋಡಿರಿ. ಕಾಲ್ಡೆರಾ ಹಳೆಯ ಯೂನಿಕ್ಸ್ ವ್ಯಾಪಾರವೊಂದನ್ನು ಕೊಂಡು, ಎಸ್.ಸಿ.ಓ. ಎಂಬ ಹೆಸರನ್ನು ತಳೆದು, ೨೦೦೩ರಲ್ಲಿ ಲಿನಕ್ಸಿನ ವಿಷಯವಾಗಿಯೇ ಐ.ಬಿ.ಎಂ. ಮೇಲೆ ದಾವೆ ಹೂಡಿತು. ಕೋರೆಲಿನ ಲಿನಕ್ಸ್ ವಿಭಾಗವು ಕೆಲವೇ ವರ್ಷಗಳಲ್ಲಿ ಕ್ಸಾಂಡ್ರೋಸ್ ಎಂಬ ಬೇರೊಂದು ಸಂಸ್ಥೆಯ ಪಾಲಾಯಿತು. ಲಿನ್‌ಸ್ಪೈರ್ ಎಂದು ಹೆಸರು ಬದಲಿಸಿಕೊಂಡಿದ್ದ ಲಿಂಡೋಸ್ ಕೂಡ ೨೦೦೮ರಲ್ಲಿ ಅದೇ ಮನೆಯನ್ನು ಸೇರಿತು. ಮ್ಯಾಂಡ್ರೇಕ್ ಮ್ಯಾಂಡ್ರೀವ ಎಂದಾಗಿ, ೨೦೧೫ರಲ್ಲಿ ಆ ಸಂಸ್ಥೆಯೇ ಮುಚ್ಚಿತು. ರೆಡ್ ಹ್ಯಾಟ್ ಸಂಸ್ಥೆಯೇನೋ ಉಳಿದು ಬೆಳೆಯಿತು. ಆದರೆ ಮನೆಯ ಬಳಕೆದಾರರು ಕೊಳ್ಳುತ್ತಿದ್ದ ರೆಡ್ ಹ್ಯಾಟ್ ಲಿನಕ್ಸನ್ನು ಅದು ೨೦೦೩ರಲ್ಲಿ ನಿಲ್ಲಿಸಿ, ದೊಡ್ಡ ಕಚೇರಿಗಳ ಕಡೆಗೆ ನಡೆಯಿತು. ಅದನ್ನು ನಂಬಿದ್ದವರು ಆಗತಾನೇ ಹುಟ್ಟಿದ ಫೆಡೋರಾಕ್ಕೆ ಹೋಗಬೇಕು, ಇಲ್ಲವೇ ಬೇರೆ ಆಸರೆಯನ್ನು ಹುಡುಕಬೇಕು ಎಂಬಂತಾಯಿತು. ಹೊಸಬನಿಗಾಗಿಯೇ ಎಂದು ಕೂಗಿ ಮಾರಿದ ವಿತರಣೆಗಳಲ್ಲಿ ಹೆಚ್ಚಿನವು ಹೀಗೆ ಅವನನ್ನು ನಡುದಾರಿಯಲ್ಲಿ ಬಿಟ್ಟವು. ಹೊಸಬನ ಗೊಡವೆಯನ್ನು ಅಷ್ಟಾಗಿ ಹಚ್ಚಿಕೊಳ್ಳದಿದ್ದ ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್ ಮೂರು ದಶಕಗಳನ್ನು ದಾಟಿ ಇಂದಿಗೂ ಬಾಳುತ್ತಿವೆ. ಈ ವೈಚಿತ್ರ್ಯವನ್ನು ಮರೆತು ಯಾವುದು ಸುಲಭವೆಂದು ಮಾತ್ರ ಕೇಳುವುದು ಅರ್ಧ ಪ್ರಶ್ನೆ.

ಹಾಗೆಂದು ಸುಲಭವಾಗಿಸುವ ಪ್ರಯತ್ನಗಳೆಲ್ಲ ವ್ಯರ್ಥವಾದವೆಂದು ತಿಳಿಯಬಾರದು. ೨೦೦೦ದಲ್ಲಿ ಜರ್ಮನಿಯ ಕ್ಲೌಸ್ ಕ್ನೋಪ್ಪರ್ ಹೊರತಂದ ಕ್ನೋಪಿಕ್ಸ್ ಹೊಸಬನಿಗೆ ಬಹು ದೊಡ್ಡ ಉಪಕಾರವನ್ನು ಮಾಡಿತು. ಸಿ.ಡಿ.ಯನ್ನು ತೂರಿಸಿ ಯಂತ್ರವನ್ನು ಎಬ್ಬಿಸಿದರೆ, ಡಿಸ್ಕಿನಲ್ಲಿದ್ದ ಹಳೆಯ ವ್ಯವಸ್ಥೆಗೆ ಏನೂ ಮಾಡದೆ ಇಡೀ ಲಿನಕ್ಸ್ ಕಣ್ಣೆದುರಿಗೆ ಬರುತ್ತಿತ್ತು. ಸಿ.ಡಿ. ತೆಗೆದರೆ ಎಲ್ಲವೂ ಮೊದಲಿನಂತೆ. ಕೊಳ್ಳುವ ಮುನ್ನ ಮಡಕೆಯನ್ನು ತಟ್ಟಿ ನೋಡುವ ಸೌಕರ್ಯ ಇದರಿಂದ ಒದಗಿತು. ಇಂದು ಪೆನ್‌ಡ್ರೈವಿನಿಂದ ನಾವು ಮಾಡುವ ಪರೀಕ್ಷೆ ಇದೇ ಬಗೆಯದು.

ಅನಂತರ ೨೦೦೪ರ ಅಕ್ಟೋಬರಿನಲ್ಲಿ ಉಬುಂಟು ಬಂದಿತು. ದಕ್ಷಿಣ ಆಫ್ರಿಕದ ಶ್ರೀಮಂತ ಮಾರ್ಕ್ ಶಟಲ್‌ವರ್ತ್ ಇದರ ಸ್ಥಾಪಕರು. ಮೊದಲು ಡೆಬಿಯನ್ನಿನ ಕೆಲಸಗಾರರಲ್ಲಿ ಒಬ್ಬರಾಗಿದ್ದವರು. ಅವರು ಮೂಲವನ್ನು ಬಿಟ್ಟುಕೊಡಲಿಲ್ಲ. ಡೆಬಿಯನ್ನಿನ ಬಿಗಿಯಾದ ಅಡಿಪಾಯದ ಮೇಲೆ, ಆರು ತಿಂಗಳಿಗೊಮ್ಮೆ ತಪ್ಪದೆ ಬರುವ, ಒಂದು ಕೆಲಸಕ್ಕೆ ಒಂದೇ ತಂತ್ರಾಂಶವನ್ನು ಆರಿಸಿಕೊಡುವ ವಿತರಣೆಯನ್ನು ಕಟ್ಟಿದರು. ೨೦೦೬ರಿಂದ ದೀರ್ಘಕಾಲ ಪೋಷಣೆಯುಳ್ಳ ಆವೃತ್ತಿಗಳೂ ಬಂದವು. ಕೇಳಿದವರ ಮನೆಬಾಗಿಲಿಗೆ ಅಂಚೆಯಲ್ಲಿ ಪುಕ್ಕಟೆಯಾಗಿ ಸಿ.ಡಿ.ಗಳನ್ನು ಕಳುಹಿಸುವ ಏರ್ಪಾಡು ೨೦೧೧ರವರೆಗೆ ನಡೆಯಿತು. ಅಂತರಜಾಲವು ಆಮೆಯ ನಡಿಗೆಯಲ್ಲಿದ್ದ ಆ ದಿನಗಳಲ್ಲಿ ಇಡೀ ಸಿ.ಡಿ.ಯಷ್ಟು ತಂತ್ರಾಂಶವನ್ನು ಇಳಿಸಿಕೊಳ್ಳಲಾಗದ ನಮ್ಮಂಥ ದೇಶದವರಿಗೆ ಇದರ ಬೆಲೆ ಬಹಳವಾಗಿತ್ತು.

ಆದರೂ ಜಗಳ ತೀರಲಿಲ್ಲ. ಅದರ ರೂಪ ಬದಲಾಯಿತಷ್ಟೆ. ಹಾಡು ಕೇಳಲು ಬೇಕಾದ ಎಂ.ಪಿ.೩ ತಂತ್ರಕ್ಕೆ ಆಗ ಪೇಟೆಂಟುಗಳ ಕಟ್ಟಿತ್ತು. ನಿಸ್ತಂತು ಜಾಲದ ಹಲವು ಸಾಧನಗಳಿಗೆ ಬೇಕಾದ ತಂತ್ರಾಂಶಗಳ ಮೂಲಸಂಕೇತವು ತಯಾರಕರ ಕೈಯಲ್ಲೇ ಇತ್ತು. ತತ್ತ್ವನಿಷ್ಠರು ಇವನ್ನು ಒಳಗೆ ಬಿಡಲೊಪ್ಪಲಿಲ್ಲ. ಹೊಸಬನಾದರೋ ಹಾಡು ಬರಲಿಲ್ಲ, ಜಾಲ ಸಿಕ್ಕಲಿಲ್ಲ ಎಂದು ಯಂತ್ರವನ್ನು ಮುಚ್ಚಿಟ್ಟನು. ೨೦೦೬ರಲ್ಲಿ ಕ್ಲೆಮೆಂಟ್ ಲೆಫೆವ್ರ್ ಆರಂಭಿಸಿದ ಮಿಂಟ್ ಇಂಥವನ್ನು ಮೊದಲೇ ಸೇರಿಸಿಕೊಟ್ಟು ಜನಪ್ರಿಯವಾಯಿತು. ತತ್ತ್ವಕ್ಕೆ ಹೆಸರಾದ ಡೆಬಿಯನ್ನೂ ಕೊನೆಗೆ ೨೦೨೨ರಲ್ಲಿ ತನ್ನ ಸದಸ್ಯರ ಮತ ಪಡೆದು, ೨೦೨೩ರ ೧೨ನೆಯ ಆವೃತ್ತಿಯಿಂದ ಯಂತ್ರಭಾಗಗಳಿಗೆ ಬೇಕಾದ ಇಂಥ ತಂತ್ರಾಂಶಗಳನ್ನು ಅಧಿಕೃತ ಪ್ರತಿಯಲ್ಲಿಯೇ ಸೇರಿಸಿತು. ತತ್ತ್ವವನ್ನು ಕೈಬಿಟ್ಟರೆಂದು ಕೆಲವರು ನೊಂದುಕೊಂಡರು. ಆದರೆ ಮನೆಯೊಳಕ್ಕೆ ಕಾಲಿಡಲಾರದವನಿಗೆ ಮನೆಯ ಶುಚಿತ್ವವನ್ನು ತೋರಿಸುವುದು ಹೇಗೆ?

ಇನ್ನೊಂದು ಪ್ರಸಂಗವನ್ನೂ ಹೇಳಬೇಕು. ೨೦೧೧ರಲ್ಲಿ ಗ್ನೋಮ್ ತನ್ನ ೩ನೆಯ ಆವೃತ್ತಿಯಲ್ಲಿ ಮೇಜುಪರದೆಯ ರೂಪವನ್ನು ಪೂರ್ತಿಯಾಗಿ ಬದಲಿಸಿತು. ಅದೇ ವರ್ಷ ಉಬುಂಟು ಯೂನಿಟಿ ಎಂಬ ತನ್ನದೇ ಹೊಸ ರೂಪವನ್ನು ಮುಂದಿಟ್ಟಿತು. ಎರಡೂ ಬಳಸುವವರ ಅನುಕೂಲಕ್ಕಾಗಿಯೇ ಎಂದು ಹೇಳಲಾಯಿತು. ಆದರೆ ವರ್ಷಗಟ್ಟಲೆ ಬಳಸಿ ಪಳಗಿದ್ದವರೆಲ್ಲ ಒಂದು ಬೆಳಗಾಗುವುದರೊಳಗೆ ಮತ್ತೆ ಹೊಸಬರಾದರು. ಮಿಂಟ್ ಬಳಗವು ಹಳೆಯ ರೂಢಿಯನ್ನು ಕಾಯುವ ಸಿನಮನ್ ಎಂಬ ಮೇಜುಪರದೆಯನ್ನು ಕಟ್ಟಿ ಅವರಿಗೆ ಆಸರೆಯಾಯಿತು. ಉಬುಂಟು ೨೦೧೭ರಲ್ಲಿ ಯೂನಿಟಿಯನ್ನು ಬಿಟ್ಟು ಗ್ನೋಮಿಗೆ ಮರಳಿತು. ಕಲಿತದ್ದು ಕೈಯಲ್ಲಿ ಉಳಿಯುವುದೂ ಸುಲಭತೆಯ ಒಂದು ಅಂಗವೇ ಎಂಬುದು ಇದರಿಂದ ತೋರಿಬಂದಿತು.

ನಮ್ಮ ದೇಶದ ಅನುಭವವೂ ಬೆಲೆಯುಳ್ಳದ್ದು. ೨೦೦೭ರಲ್ಲಿ ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ನನ್ನು ಆಧರಿಸಿ, ಭಾರತೀಯ ಭಾಷೆಗಳ ಸೌಕರ್ಯದೊಡನೆ 'ಬಾಸ್' ಎಂಬ ವಿತರಣೆಯನ್ನು ಹೊರತಂದಿತು. ನೆರೆಯ ಕೇರಳವು ತನ್ನ ಶಾಲೆಗಳ ಗಣಕ ಶಿಕ್ಷಣವನ್ನೇ ಲಿನಕ್ಸಿಗೆ ತಿರುಗಿಸಿತು. ಶಾಲೆಗಳಿಗೆಂದೇ ಸಿದ್ಧಪಡಿಸಿದ ವಿತರಣೆಯು ಮೊದಲು ಡೆಬಿಯನ್ನನ್ನೂ ಆಮೇಲೆ ಉಬುಂಟುವನ್ನೂ ಆಧರಿಸಿತ್ತು. ಮಕ್ಕಳಿಗೆ ಅಡಿಪಾಯ ಬದಲಾದದ್ದು ದೊಡ್ಡ ಸಂಗತಿಯಾಗಲಿಲ್ಲ. ಏಕೆಂದರೆ ಪಠ್ಯಪುಸ್ತಕ ಅದಕ್ಕೆ ಹೊಂದಿಕೊಂಡಿತ್ತು, ತರಬೇತಿ ಪಡೆದ ಶಿಕ್ಷಕರು ಪಕ್ಕದಲ್ಲಿದ್ದರು. ಕುಮಾರವ್ಯಾಸನ ಕಾವ್ಯವು ಓದು ಬರಹ ಬಾರದವರ ಹೃದಯವನ್ನೂ ಮುಟ್ಟಿದ್ದು ಊರೂರಿನ ಗಮಕಿಗಳಿಂದ. ತಂತ್ರಾಂಶಕ್ಕೂ ಅಂಥ ಗಮಕಿಯೊಬ್ಬನು ಬೇಕು.

ಕನ್ನಡಿಗನ ಪಾಲಿಗೆ ಬೇರೊಂದು ಚಿಂತೆಯೂ ಇದೆ. ಲಿನಕ್ಸ್ ಹುಟ್ಟಿದ ೧೯೯೧ರಲ್ಲಿಯೇ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೆ ನಮ್ಮಲ್ಲಿ ಬಹುಕಾಲ ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆಯುವುದೇ ರೂಢಿಯಾಗಿತ್ತು. ಹಾಗೆ ಬರೆದ ಕಡತವು ಆಯಾ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಹೊಸಬನು ಇದನ್ನು ಲಿನಕ್ಸಿನ ದೋಷವೆಂದು ಭಾವಿಸಿ ಹಿಂದಿರುಗುವುದುಂಟು. ದೋಷ ಇರುವುದು ಹಳೆಯ ಸಂಕೇತಕ್ರಮದಲ್ಲಿ. ಅಂಥ ಕಡತಗಳನ್ನು ಮೊದಲೇ ಯೂನಿಕೋಡಿಗೆ ಪರಿವರ್ತಿಸಿಕೊಂಡರೆ ಈ ತೊಡಕು ಪರಿಹಾರವಾಗುತ್ತದೆ. ಉಳಿದಂತೆ ರೆಡ್ ಹ್ಯಾಟ್ ಮುಕ್ತವಾಗಿ ಹಂಚಿದ ಲೋಹಿತ್, ನಮ್ಮವರೇ ರೂಪಿಸಿದ ಗುಬ್ಬಿ, ನವಿಲು ಮೊದಲಾದ ಅಕ್ಷರಶೈಲಿಗಳಿವೆ. ನಮಗೆ ಪರಿಚಿತವಾದ ಕಗಪ ಕೀಲಿವಿನ್ಯಾಸವೂ ಲಿನಕ್ಸಿನಲ್ಲಿ ದೊರೆಯುತ್ತದೆ.

ಈ ಮೂವತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿಂದ ಹೊಸಬನು ಕಲಿಯಬಹುದಾದುದೇನು? ವಿತರಣೆಯೊಂದನ್ನು ಆರಿಸುವಾಗ ಅದರ ಚೆಲುವಿಗಿಂತ ಮೊದಲು ಮೂರು ಸಂಗತಿಗಳನ್ನು ವಿಚಾರಿಸಬೇಕು. ಅದು ಯಾವ ಬೇರಿನ ಮೇಲೆ ನಿಂತಿದೆ? ಎಷ್ಟು ವರ್ಷಗಳ ಪೋಷಣೆಗೆ ಮಾತು ಕೊಟ್ಟಿದೆ, ಹಿಂದೆ ಕೊಟ್ಟ ಮಾತನ್ನು ಉಳಿಸಿಕೊಂಡಿದೆಯೇ? ನಮ್ಮ ಊರಿನಲ್ಲಿ, ನಮ್ಮ ಬೀದಿಯಲ್ಲಿ ಅದನ್ನು ಬಳಸುವವರು ಯಾರಿದ್ದಾರೆ? ಮೊದಲೆರಡರಲ್ಲಿ ಉಬುಂಟುವಿನ ದೀರ್ಘಪೋಷಣೆಯ ಆವೃತ್ತಿಗಳೂ, ಅವನ್ನು ಆಧರಿಸಿದ ಮಿಂಟ್ ಆವೃತ್ತಿಗಳೂ ಚೆನ್ನಾಗಿಯೇ ನಿಲ್ಲುತ್ತವೆ. ಐದು ವರ್ಷಗಳ ಪೋಷಣೆ ಅವುಗಳ ವಾಡಿಕೆ. ಮಿಂಟ್ ಬಳಗವಂತೂ, ಒಂದು ವೇಳೆ ಉಬುಂಟು ಇಲ್ಲವಾದರೆ ಗತಿಯೇನೆಂದು ಯೋಚಿಸಿ, ನೇರವಾಗಿ ಡೆಬಿಯನ್ನಿನ ಮೇಲೆ ನಿಂತ ಇನ್ನೊಂದು ಆವೃತ್ತಿಯನ್ನೂ ಕಾಪಾಡಿಕೊಂಡು ಬಂದಿದೆ. ವಿಂಡೋಸಿನ ರೂಢಿಯವರನ್ನು ಗಮನದಲ್ಲಿಟ್ಟುಕೊಂಡ ಐರ್ಲೆಂಡಿನ ಜೋರಿನ್ ಕೂಡ ಉಬುಂಟುವಿನ ನೆಲೆಯ ಮೇಲೆಯೇ ನಿಂತಿದೆ. ಅದರ ೧೮ನೆಯ ಆವೃತ್ತಿಯು ವಿಂಡೋಸ್ ೧೦ರ ಪೋಷಣೆ ನಿಂತ ದಿನವೇ ಹೊರಬಂದಿತು. ಇವು ಮೂರೂ ಒಂದೇ ಮರದ ಕೊಂಬೆಗಳು. ಒಂದರಲ್ಲಿ ಕಲಿತದ್ದರಲ್ಲಿ ಹೆಚ್ಚಿನ ಪಾಲು ಇನ್ನೊಂದರಲ್ಲಿ ಉಪಯೋಗಕ್ಕೆ ಬರುತ್ತದೆ.

ಆದುದರಿಂದ ಆಯ್ಕೆ ತಪ್ಪೀತೆಂಬ ಭಯ ಬೇಡ. ಕಡತಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಂಡು, ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಜಾಲ ಸಿಗುತ್ತದೆಯೇ, ಧ್ವನಿ ಬರುತ್ತದೆಯೇ, ಮುದ್ರಣಯಂತ್ರ ನಡೆಯುತ್ತದೆಯೇ, ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ಒಂದು ಸಂಜೆ ಪರೀಕ್ಷಿಸಿದರೆ ಸಾಕು. ಮೂರನೆಯ ಪ್ರಶ್ನೆಗೆ ಮಾತ್ರ ಉತ್ತರವು ಯಾವ ಪಟ್ಟಿಯಲ್ಲಿಯೂ ದೊರೆಯುವುದಿಲ್ಲ. ನೆರೆಮನೆಯ ಹುಡುಗನೋ ಶಾಲೆಯ ಮೇಷ್ಟರೋ ಫೆಡೋರಾವನ್ನು ಬಳಸುತ್ತಿದ್ದು, ಕೈಹಿಡಿದು ಕಲಿಸಲು ಸಿದ್ಧರಿದ್ದರೆ, ಆ ಮನೆಯ ಹೊಸಬನಿಗೆ ಫೆಡೋರಾವೇ ಸುಲಭ. ಹಾಗೆ ಕಲಿತವನು ನಾಳೆ ಇನ್ನೊಬ್ಬನಿಗೆ ಕಲಿಸಿದರೆ, ಮೂಲೆ ಸೇರಬೇಕಾಗಿದ್ದ ಎಷ್ಟೋ ಯಂತ್ರಗಳು ಇನ್ನೂ ಕೆಲವು ವರ್ಷ ಮಕ್ಕಳ ಮುಂದೆ ಬೆಳಗುತ್ತಿರುತ್ತವೆ.